ಮನೆಯಲ್ಲಿ ಬಿಯರ್ ಮಾಡೋಕೆ ಮೊದಲು ಏನು ಕೊಳ್ಳಬೇಕು?

ದೋಸೆ ಹಿಟ್ಟು ಹುಳಿ ಬರೋದರ ಬಗ್ಗೆ ಮಾತಾಡಿದ ಮೇಲೆ ಕೆಲವರು ಒಂದೇ ಪ್ರಶ್ನೆ ಕೇಳಿದ್ರು: "ಮನೆಯಲ್ಲಿ ಬಿಯರ್ ಮಾಡೋಕೆ ಏನೇನು ಸಾಮಾನು ಬೇಕು?" ಯೀಸ್ಟ್ ಜೊತೆ ಲ್ಯಾಬಿನಲ್ಲೂ ಅಡುಗೆಮನೆಯಲ್ಲೂ ಒಡನಾಟ ಇರೋದರಿಂದ ಈ ಸಲ ಉತ್ತರ ನಾನೇ ಕೊಡ್ತೀನಿ.

ಮೊದಲು ಕಾನೂನಿನ ಮಾತು. ನಾನಿರೋದು ಲಂಡನ್ನಿನ ಟೂಟಿಂಗ್‌ನಲ್ಲಿ. ಬ್ರಿಟನ್ನಿನಲ್ಲಿ 1963ರಿಂದ, ಸ್ವಂತಕ್ಕೆ ಮಾಡಿಕೊಳ್ಳುವ ಬಿಯರಿಗೆ ಪರವಾನಗಿ ಬೇಕಿಲ್ಲ. ಮಾರುವ ಹಾಗಿಲ್ಲ, ಅಷ್ಟೇ. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸೋದು ಅಪರಾಧ. ಊರಲ್ಲಿ ಕೂತು ಕೇಳ್ತಿರೋರು ಇದನ್ನು ಜ್ಞಾನಕ್ಕಾಗಿ ಕೇಳಿ. ಬೇರೆ ದೇಶದಲ್ಲಿರೋರು ನಿಮ್ಮಲ್ಲಿಯ ನಿಯಮ ನೋಡಿಕೊಳ್ಳಿ.

ಈಗ ನನ್ನ ಮೊದಲ ಬಿಯರಿನ ಕಥೆ. ಚಳಿಗಾಲ. ಒಂದು ಬಕೆಟ್, ಒಂದು ಡಬ್ಬ ಮಾಲ್ಟ್ ಪಾಕ, ಯೀಸ್ಟಿನ ಪೊಟ್ಟಣ. ಮಾಲ್ಟ್ ಅಂದ್ರೆ ಹೊಸದೇನಲ್ಲ, ರಾಗಿ ಮಾಲ್ಟಿಗೆ ರಾಗಿ ಮೊಳಕೆ ಕಟ್ಟೋ ಹಾಗೆ ಇಲ್ಲಿ ಬಾರ್ಲಿ. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಆ ಸಕ್ಕರೆಯನ್ನು ತಿಂದು ಯೀಸ್ಟ್ ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದು ವಾರ ಬುಳುಬುಳು ಅಂತು, ಆಮೇಲೆ ಗುಳ್ಳೆ ನಿಂತಿತು. ಮುಗೀತು ಅಂದುಕೊಂಡು ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಒತ್ತಿ, ಬಾಯ್ಲರ್ ಇರುವ ಕಪಾಟಿನಲ್ಲಿಟ್ಟೆ. ಹತ್ತು ದಿನದ ಮೇಲೆ ರಾತ್ರಿ ಎರಡು ಗಂಟೆಗೆ ಪಟಾಕಿ ಹೊಡೆದ ಹಾಗೆ ಶಬ್ದ. ನಾಲ್ಕು ಬಾಟಲಿ ಸಿಡಿದಿದ್ದವು. ಮರದ ಬಾಗಿಲಿಗೆ ಗಾಜಿನ ಚೂರು ನಾಟಿಕೊಂಡಿತ್ತು. ಬಾಗಿಲು ಮುಚ್ಚಿದ್ದು ನನ್ನ ಪುಣ್ಯ. ಸಂಜೆ ಅದೇ ಕಪಾಟಿನಿಂದ ಮಗಳ ಸ್ವೆಟರ್ ತೆಗೆದಿದ್ದೆ.

ಆಗಿದ್ದು ಇಷ್ಟು. ಫ್ಲ್ಯಾಟಿನ ಆ ಮೂಲೆ ತಣ್ಣಗಿತ್ತು, 14 ಡಿಗ್ರಿಯ ಆಸುಪಾಸು. ಯೀಸ್ಟ್ ಕೆಲಸ ಮುಗಿಸಿರಲಿಲ್ಲ, ಚಳಿಗೆ ಮುದುಡಿಕೊಂಡಿತ್ತು. ಬೆಚ್ಚನೆ ಕಪಾಟಿಗೆ ಹೋದ ಕೂಡಲೇ ಎದ್ದು ಉಳಿದ ಸಕ್ಕರೆ ತಿನ್ನತೊಡಗಿತು. ಬಕೆಟ್ಟಿನಲ್ಲಾದರೆ ಗಾಳಿ ಹೊರಗೆ ಹೋಗುತ್ತದೆ, ಮುಚ್ಚಿದ ಬಾಟಲಿಯಲ್ಲಿ ಎಲ್ಲಿಗೆ ಹೋಗಬೇಕು?

ಹಾಗಾಗಿ ಯಾರಾದ್ರೂ ಕೇಳಿದ್ರೆ ನಾನು ಮೊದಲು ಹೇಳೋದು ಹೈಡ್ರೋಮೀಟರ್. ಹಳ್ಳಿಯ ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡ್ತಾರಲ್ಲ, ಅದರ ಅಣ್ಣತಮ್ಮ ಇದು. ಸಕ್ಕರೆ ಹೆಚ್ಚಿದ್ದಷ್ಟೂ ದ್ರವ ಸಾಂದ್ರ, ಕೊಳವೆ ಮೇಲೆ ತೇಲುತ್ತದೆ. ನೀರಿನಲ್ಲಿ 1.000 ತೋರಿಸಿದರೆ ಸಾಧಾರಣ ಬಿಯರಿನ ಸಿಹಿ ರಸ ಶುರುವಿನಲ್ಲಿ 1.040, ಹುದುಗಿದ ಮೇಲೆ 1.010ರ ಹತ್ತಿರ. ಈ ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಆಲ್ಕೋಹಾಲಿನ ಶೇಕಡಾವಾರು ಸಿಗುತ್ತದೆ, ಇಲ್ಲಿ ಸುಮಾರು 3.9. ಆದರೆ ಅದಲ್ಲ ಮುಖ್ಯ. 1.020ರಲ್ಲೇ ಬಾಟಲಿಗೆ ತುಂಬಿದ್ರೆ ಪ್ರತಿ ಲೀಟರಿಗೆ ಸರಿಸುಮಾರು 20 ಗ್ರಾಂ ಸಕ್ಕರೆ ಯೀಸ್ಟಿಗೆ ಇನ್ನೂ ಬಾಕಿ. ನೊರೆ ಬರಲಿ ಅಂತ ನಾವು ಬೇಕೆಂದೇ ಹಾಕೋದು 5-6 ಗ್ರಾಂ. ಅಂದ್ರೆ ಬಾಟಲಿಯೊಳಗೆ ಲೆಕ್ಕಕ್ಕಿಂತ ನಾಲ್ಕೈದು ಪಟ್ಟು ಗ್ಯಾಸ್! ಎರಡು-ಮೂರು ದಿನ ಬಿಟ್ಟು ಎರಡು ಸಲ ಅಳೆಯಿರಿ. ಎರಡೂ ಸಲ ಒಂದೇ ಅಂಕಿ, ಅದೂ ನಿರೀಕ್ಷಿಸಿದ ಜಾಗದಲ್ಲಿ ಬಂದರೆ ಮಾತ್ರ ತುಂಬಿ. ಗುಳ್ಳೆ ನಿಂತದ್ದನ್ನು ನಂಬಬೇಡಿ. ಮುಚ್ಚಳ ಸಡಿಲ ಇದ್ದರೂ ಗುಳ್ಳೆ ಕಾಣೋದಿಲ್ಲ. ಬಹಳಷ್ಟು ಹೈಡ್ರೋಮೀಟರ್ 20 ಡಿಗ್ರಿಗೆ ಹೊಂದಿಸಿರ್ತಾರೆ, ಬಿಸಿ ರಸದಲ್ಲಿ ಅಳೆದರೆ ಸುಳ್ಳು ಹೇಳುತ್ತದೆ. ಇಷ್ಟೆಲ್ಲ ಮಾಡೋ ಸಾಧನ ಹತ್ತು ಪೌಂಡಿನೊಳಗೆ ಸಿಗುತ್ತೆ.

ಅದರ ಜೊತೆಗೆ ಬಕೆಟ್ಟಿಗೆ ಅಂಟಿಸೋ ಥರ್ಮಾಮೀಟರ್ ಪಟ್ಟಿ. ಏಲ್ ಜಾತಿಯ ಯೀಸ್ಟಿಗೆ 18ರಿಂದ 22 ಡಿಗ್ರಿ ಹಿತ. ತುಂಬಾ ಸೆಕೆಯಾದ್ರೆ ಘಾಟು ವಾಸನೆ, ತಣ್ಣಗಾದ್ರೆ ನನ್ನ ಕಥೆ.

ಬಕೆಟ್ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನದ್ದಾಗಲಿ. ಮಾರುಕಟ್ಟೆಯ ಡಬ್ಬಗಳಲ್ಲಿ ಹೆಚ್ಚಿನವು 40 ಪೈಂಟಿನ ಲೆಕ್ಕ, ಅಂದ್ರೆ ಸುಮಾರು 23 ಲೀಟರ್. ನೊರೆಗೆ ಜಾಗ ಬೇಕು, 27-30 ಲೀಟರಿನದ್ದು ತಗೊಳ್ಳಿ, ಕೆಳಗೆ ನಲ್ಲಿ ಇದ್ದರೆ ಒಳ್ಳೇದು. ಮುಚ್ಚಳದಲ್ಲಿ ಏರ್‌ಲಾಕ್: ಒಳಗಿನ ಗಾಳಿ ನೀರಿನ ಮೂಲಕ ಹೊರಗೆ ಹೋಗುತ್ತದೆ, ಹೊರಗಿನದ್ದು ಒಳಗೆ ಬರೋದಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ ಡ್ರಮ್ ಖಾಲಿ ಇದೆ ಅಂತ ಅದನ್ನೇ ಬಳಸಬೇಡಿ, ಪ್ಲಾಸ್ಟಿಕ್ ಆ ವಾಸನೆ ಬಿಡೋದಿಲ್ಲ. ಸ್ಟೀಲ್ ಉಜ್ಜುಗೆ ಹಾಕಿ ತಿಕ್ಕಲೂಬೇಡಿ, ಗೀರಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡ್ತವೆ.

ಶುಚಿಯ ವಿಷಯದಲ್ಲಿ ಅಜ್ಜಿಯಂದಿರು ಸರಿ: ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದ್ರೆ ಬೈತಿದ್ರಲ್ಲ. 1871ರಲ್ಲಿ ಲೂಯಿ ಪಾಶ್ಚರ್ ಲಂಡನ್ನಿನ ಚಿಸ್ವೆಲ್ ಸ್ಟ್ರೀಟಿನ ವಿಟ್‌ಬ್ರೆಡ್ ಬ್ರೂವರಿಗೆ ಬಂದು ಅವರ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಿಯರ್ ಕೆಡಿಸುವ ಬೇರೆ ಜೀವಿಗಳು ಸೇರಿಕೊಂಡಿವೆ ಎಂದು ತೋರಿಸಿದರು. ಬ್ರೂವರಿಯವರು ಆಮೇಲೆ ತಾವೇ ಒಂದು ಸೂಕ್ಷ್ಮದರ್ಶಕ ಕೊಂಡರು. ನಮಗೆ ಅದು ಬೇಡ, ತೊಳೆಯದೆ ಬಳಸಬಹುದಾದ ಸ್ಯಾನಿಟೈಸರ್ ಒಂದು ಬಾಟಲಿ ಸಾಕು. ಮೊದಲು ಕೊಳೆ ತೊಳೆದು, ಆಮೇಲೆ ಸ್ಯಾನಿಟೈಸರ್. ಕೊಳೆಯ ಮೇಲೆ ಅದು ಕೆಲಸ ಮಾಡೋದಿಲ್ಲ. ಬ್ಲೀಚ್ ಮಾತ್ರ ಬೇಡ. ಉಳಿದ ಕ್ಲೋರಿನ್ ಮಾಲ್ಟಿನ ಫಿನಾಲ್‌ಗಳ ಜೊತೆ ಸೇರಿದರೆ ಬಿಯರ್ ಡೆಟ್ಟಾಲ್ ಕುಡಿದ ಹಾಗಿರುತ್ತೆ.

ಇನ್ನು ಬಾಟಲಿ. ಶುರುವಿಗೆ ಒತ್ತಡ ತಡೆಯೋ, ಕಂದು ಬಣ್ಣದ ಪೆಟ್ ಬಾಟಲಿಗಳೇ ಇರಲಿ ಅಂತ ನನ್ನ ಸಲಹೆ. ಅದು ಅಂದವಾಗಿಲ್ಲ, ನಿಜ. ಆದರೆ ಬೆರಳಿನಿಂದ ಒತ್ತಿ ನೋಡಬಹುದು. ಕಲ್ಲಿನಂತಾದರೆ ತಣ್ಣಗೆ ಮಾಡಿ, ಮುಚ್ಚಳ ಸ್ವಲ್ಪ ತಿರುಗಿಸಿ ಗ್ಯಾಸ್ ಬಿಡಿ. ಒಡೆದರೂ ಗಾಜಿನ ಚೂರಿಲ್ಲ. 23 ಲೀಟರಿಗೆ ಅರ್ಧ ಲೀಟರಿನವು 46 ಬೇಕಾಗುತ್ತವೆ, ಇದು ಬಹಳ ಜನ ಮರೆಯೋ ಲೆಕ್ಕ. ಜಾಮ್ ಶೀಶೆ, ವೈನ್ ಬಾಟಲಿ ಎಂದೂ ಬೇಡ.

ಹೊಳೆಯೋ ಸ್ಟೀಲ್ ಟ್ಯಾಂಕು, ವಿದ್ಯುತ್ ಕುದಿಪಾತ್ರೆ, ಧಾನ್ಯ ಪುಡಿ ಮಾಡೋ ಯಂತ್ರ ಇವೆಲ್ಲ ಐದಾರು ಸಲ ಮಾಡಿದ ಮೇಲೆ ಯೋಚಿಸಿ. ಟೂಟಿಂಗ್ ಪಕ್ಕದ ವಾಂಡ್ಸ್‌ವರ್ತ್‌ನಲ್ಲಿ ಯಂಗ್ಸ್ ಕಂಪನಿಯ ರಾಮ್ ಬ್ರೂವರಿ ಇತ್ತು, 2006ರಲ್ಲಿ ಮುಚ್ಚಿತು. ಅಲ್ಲಿ ಕೆಲಸ ಮಾಡಿದ್ದ ಜಾನ್ ಹ್ಯಾಚ್ ಆಮೇಲೂ ಅದೇ ಆವರಣದಲ್ಲಿ, ಕೈಗೆ ಸಿಕ್ಕ ಸಾಮಾನು ಜೋಡಿಸಿಕೊಂಡು, ಬಿಯರ್ ಕಾಯಿಸೋದನ್ನು ನಿಲ್ಲಿಸದೆ ವರ್ಷಗಟ್ಟಲೆ ನಡೆಸಿದರು. ದೊಡ್ಡ ತಾಮ್ರದ ಕಡಾಯಿಗಳಲ್ಲಿ ಆಗ್ತಿದ್ದ ಕೆಲಸವೇ ಅಲ್ಲಿ ಪುಟ್ಟದಾಗಿ ಆಗ್ತಿತ್ತು, ಯೀಸ್ಟಿಗೆ ಪಾತ್ರೆಯ ಬೆಲೆ ಗೊತ್ತಾಗೋದಿಲ್ಲ.

ಲಂಡನ್ ನೀರು ಗಡಸು, ಕೆಟಲಿನಲ್ಲಿ ಬಿಳಿ ಪದರ ಕಟ್ಟುತ್ತೆ. ಅದು ಬಿಯರಿನ ರುಚಿಗೆ ಏನು ಮಾಡುತ್ತೆ ಅನ್ನೋದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ. ಈಗಾಗಲೇ ಯಾರದ್ದಾದ್ರೂ ಕಪಾಟಿನಲ್ಲಿ ಅಳೆಯದೆ ತುಂಬಿದ ಗಾಜಿನ ಬಾಟಲಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಮೇಲೆ ದಪ್ಪ ಕಂಬಳಿ ಹೊದಿಸಿ, ಕೋಣೆ ತಣ್ಣಗಾಗಲು ಬಿಟ್ಟು, ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡೇ ಒಂದೊಂದಾಗಿ ಹೊರಗೆ ತೆಗೆದುಕೊಂಡು ಹೋಗಿ. ನಮಸ್ಕಾರ.