ಕಾಂತದೊಳಗೆ ಓರೆಯಾಗುವ ಶಾಖ

ವಿದ್ಯುತ್ತನ್ನು ಹರಿಯಗೊಡದ ಕಾಂತವಸ್ತುವಿನಲ್ಲಿಯೂ ಶಾಖವು ಸಂಚರಿಸುತ್ತದೆ. ಏಕೆಂದರೆ ಪರಮಾಣುಗಳ ಕಂಪನವಲ್ಲದೆ, ಅವುಗಳೊಳಗಿನ ಸೂಕ್ಷ್ಮ ಕಾಂತಗಳಾದ ಸ್ಪಿನ್ನುಗಳು ಗಾಳಿಗೆ ತೊನೆಯುವ ಪೈರಿನಂತೆ ಒಂದರ ಹಿಂದೊಂದು ಓಲಾಡುವುದರಿಂದ ಹುಟ್ಟುವ, 1930ರಲ್ಲಿ ಫೆಲಿಕ್ಸ್ ಬ್ಲಾಖರು ಪ್ರತಿಪಾದಿಸಿದ ತರಂಗಗಳೂ ಶಾಖವಾಹಕಗಳಾಗಿವೆ. ಇವುಗಳ ಕಣರೂಪವೇ ಮ್ಯಾಗ್ನಾನ್.

ಮ್ಯಾಗ್ನಾನಿಗೆ ವಿದ್ಯುದಾವೇಶವಿಲ್ಲವಾದಕಾರಣ, ಕಾಂತಕ್ಷೇತ್ರವು ಇಲೆಕ್ಟ್ರಾನನ್ನು ತಳ್ಳುವಂತೆ ಇದನ್ನು ಪಕ್ಕಕ್ಕೆ ತಳ್ಳಲಾರದು. ಆದರೂ 2010ರಲ್ಲಿ ಜಪಾನಿನ ಒನೊಸೆ, ತೊಕುರಾ ಮತ್ತು ಅವರ ಸಹೋದ್ಯೋಗಿಗಳು ಲುಟೀಶಿಯಂ, ವನೇಡಿಯಂ, ಆಮ್ಲಜನಕಗಳಿಂದಾದ ಹರಳೊಂದನ್ನು 70 ಕೆಲ್ವಿನ್ನಿಗಿಂತ ಕೆಳಗೆ ತಣಿಸಿದಾಗ, ಶಾಖಪ್ರವಾಹದ ಒಂದಂಶವು ಓರೆಯಾಗಿ ತಿರುಗಿದುದನ್ನು ಕಂಡರು. ನೆರೆಯ ಸ್ಪಿನ್ನುಗಳನ್ನು ತುಸುವೇ ತಿರುಚುವ ಅಂತಃಕ್ರಿಯೆಯೊಂದು, ಹರಳಿನ ರಚನೆಯಿಂದಲೇ ಉದ್ಭವಿಸಿ, ಮ್ಯಾಗ್ನಾನಿನ ಪಥವನ್ನು ಬಾಗಿಸುತ್ತದೆ.

ಇಂತಹ ಕೆಲವು ವಸ್ತುಗಳ ಅಂಚಿನಲ್ಲಿ ಮ್ಯಾಗ್ನಾನುಗಳು ಏಕಮುಖವಾಗಿ ಹರಿಯುವುವೆಂದೂ, ಸಣ್ಣಪುಟ್ಟ ದೋಷಗಳು ಆ ಹರಿವನ್ನು ಹಿಂದಿರುಗಿಸಲಾರವೆಂದೂ ಹಿಗ್ಗಿಸಿದರೂ ಬಾಗಿಸಿದರೂ ಬದಲಾಗದ ಗುಣಗಳ ಗಣಿತವಾದ ಟೋಪಾಲಜಿಯ ಸಿದ್ಧಾಂತವು ಸಾರುತ್ತದೆ. ಶಾಖಕ್ಕೂ ನಿಯತಮಾರ್ಗವನ್ನು ವಿಧಿಸಬಹುದೆಂಬ ಈ ತಿಳಿವು ಭೌತವಿಜ್ಞಾನದ ಅಮೂಲ್ಯ ಲಾಭವೇ ಸರಿ.