ಆಟದಲ್ಲಿ ಕೊನೆಯ ಮಾತು ಯಾರದು?

ಹತ್ತಡಿ ಅಗಲ, ಹತ್ತಡಿ ಎತ್ತರದ ಸುರಂಗ. ಆ ತುದಿಯಲ್ಲಿ ರಕ್ಕಸರ ದಂಡು, ಈ ತುದಿಯಲ್ಲಿ ಮಂತ್ರವಾದಿ ಮತ್ತು ಅವನ ಸಂಗಡಿಗರು. ಮಂತ್ರವಾದಿ ಬೆಂಕಿಯುಂಡೆ ಎಸೆಯುತ್ತಾನೆ. ಅದು ರಕ್ಕಸರನ್ನಷ್ಟೇ ಸುಡುತ್ತದೆಯೋ, ಜಾಗ ಸಾಲದೆ ಹಿಂದಕ್ಕೆ ಉಕ್ಕಿ ಬಂದು ಎಸೆದವನನ್ನೂ ನುಂಗುತ್ತದೆಯೋ?

ಬಸವೇಶ್ವರನಗರದ ಮನೆಯೊಂದರಲ್ಲಿ, ಊಟದ ಮೇಜಿನ ಮೇಲೆ ನಡೆಯುತ್ತಿದ್ದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಈ ಪ್ರಶ್ನೆಯಿಂದ ನಿಂತೇಹೋಯಿತು. ಒಬ್ಬಳ ಕೈಯಲ್ಲಿ 2014ರ ಪುಸ್ತಕ. ಕೆಂಗೇರಿಯಿಂದ ಮೆಟ್ರೊದಲ್ಲಿ ಬಂದಿದ್ದ ಹುಡುಗನ ಹತ್ತಿರ ಸೋದರಮಾವ ಅಮೆರಿಕದಿಂದ ತಂದಿದ್ದ 1978ರ ಪುಸ್ತಕ. ಹೊಸದರಲ್ಲಿ ಬೆಂಕಿ 20 ಅಡಿ ತ್ರಿಜ್ಯದ ಗೋಳ. ಮೂಲೆ ಸುತ್ತಿ ಹೋಗಬಲ್ಲದು, ಆದರೆ ಆ ಅಳತೆ ಮೀರುವುದಿಲ್ಲ. ಹಳೆಯದರಲ್ಲಿ ಹಾಗಲ್ಲ. ಗೋಳದ ಗಾತ್ರ ಸುಮಾರು 33,000 ಘನ ಅಡಿ, ಅಷ್ಟೂ ಬೆಂಕಿ ಎಲ್ಲಾದರೂ ಹಿಡಿಸಲೇಬೇಕು. ಹತ್ತಕ್ಕೆ ಹತ್ತರ ಸುರಂಗದಲ್ಲಿ ಲೆಕ್ಕ ಹಾಕಿದರೆ 330 ಅಡಿ ಉದ್ದ, ಸಿಡಿದ ಜಾಗದಿಂದ ಆ ಕಡೆ ಈ ಕಡೆ 165 ಅಡಿ. ಇಬ್ಬರೂ ಓದಿದ್ದು ಸರಿಯೇ. ಆಟ ನಡೆಸುವ ‘ಡಿಎಂ’, ಅಂದರೆ ಡಂಜನ್ ಮಾಸ್ಟರ್, ನಾವು ಆಡುತ್ತಿರುವುದು ಹೊಸ ಪುಸ್ತಕದ ಆಟ ಎಂದಳು. ವಾದ ಅಲ್ಲಿಗೆ ಮುಗಿಯಿತು.

ಮೇಜಿನ ತಲೆಗೆ ಕೂತ ಒಬ್ಬರಿಗೆ ಹೀಗೆ ತೀರ್ಪು ಕೊಡುವ ಹಕ್ಕು ಎಲ್ಲಿಂದ ಬಂತು? ಜಾಡು ಹಿಡಿದು ಹೊರಟರೆ ಅದು ನಮ್ಮ ಚದುರಂಗದ ಮಣೆಗೇ ಮುಟ್ಟುತ್ತದೆ. ಭಾರತದಿಂದ ಪರ್ಷಿಯಾ ಹಾದು ಯುರೋಪಿಗೆ ಹೋದ ಆ ಆಟವನ್ನು 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಗಣಿತದ ಮೇಷ್ಟ್ರು ಹೆಲ್ವಿಗ್ ಹಿಗ್ಗಿಸಿ, ಬೆಟ್ಟ, ಹೊಳೆ, ಫಿರಂಗಿಗಳಿರುವ ಯುದ್ಧದಾಟ ಮಾಡಿದ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ ಮಣೆಯ ಮನೆಗಳನ್ನೇ ಅಳಿಸಿ ಭೂಪಟ ಹಾಸಿದ. ಅವನ ನಿಜವಾದ ಹೊಸತನ ಭೂಪಟವಲ್ಲ, ಮಧ್ಯಸ್ಥ. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಮಧ್ಯಸ್ಥನಿಗೆ ಕೊಡಬೇಕು. ಅವನು ದಾಳ ಉರುಳಿಸಿ, ಕೋಷ್ಟಕ ನೋಡಿ, ಆಯಾ ಪಕ್ಷದ ದಂಡನಾಯಕನ ಕಣ್ಣಿಗೆ ಎಷ್ಟು ಬೀಳಬಹುದೋ ಅಷ್ಟನ್ನೇ ಹೇಳಬೇಕು. ಕೋಷ್ಟಕಗಳು ಬೆಳೆದು ಬೆಳೆದು ಆಟ ಆಮೆವೇಗಕ್ಕಿಳಿದಾಗ, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿ ಅವನ್ನು ಬದಿಗೆ ಸರಿಸಿದ. ಯುದ್ಧ ಕಂಡ ಮಧ್ಯಸ್ಥನ ಅನುಭವವೇ ನಿಯಮ ಎಂದ. ಪುಸ್ತಕ ದೊಡ್ಡದೋ ಮನುಷ್ಯ ದೊಡ್ಡವನೋ ಎಂಬ ಜಗಳ ಆಗಲೇ ಪೂರ್ತಿ ಮೈದಳೆದಿತ್ತು.

ಅಲ್ಲಿಂದ ಮುಂದಿನ ಕೊಂಡಿ ಅಮೆರಿಕದ ಮಿನೆಸೋಟ. ಟಾಟನ್ ಎಂಬಾತ 1880ರಲ್ಲಿ ಬರೆದ ‘ಸ್ಟ್ರಾಟೆಗೋಸ್’ ಪುಸ್ತಕ ಓದಿದ್ದ ಡೇವಿಡ್ ವೆಸ್ಲಿ, 1969ರಲ್ಲಿ ಗೆಳೆಯರಿಗೆ ‘ಬ್ರೌನ್‌ಸ್ಟೈನ್’ ಎಂಬ ಆಟ ಆಡಿಸಿದ. ಆಟಗಾರ ಏನನ್ನಾದರೂ ಮಾಡಲು ಯತ್ನಿಸಬಹುದು, ಫಲ ಏನೆಂದು ಮಧ್ಯಸ್ಥ ಹೇಳುತ್ತಾನೆ. ನನಗೆ ಇಡೀ ಕಥೆಯ ತಿರುವು ಇದೇ ಅನ್ನಿಸುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಮಾಡಲು ಆಟಗಾರನಿಗೆ ಸ್ವಾತಂತ್ರ್ಯ ಸಿಕ್ಕ ಕ್ಷಣದಿಂದಲೇ ಪ್ರಶ್ನೆಗಳಿಗೆ ಕೊನೆಯಿಲ್ಲದಾಯಿತು. ಆ ಬಳಗದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಎಂಬಾತನ ಜೊತೆ ಸೇರಿ 1974ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದ. ಒಂದು ಪೆಟ್ಟಿಗೆ, ಮೂರು ತೆಳು ಪುಸ್ತಿಕೆ, ಮೊದಲ ಮುದ್ರಣ 1,000 ಪ್ರತಿ. ನಿಮಗೆ ಹೇಗೆ ಬೇಕೋ ಹಾಗೆ ತೀರ್ಮಾನಿಸಿಕೊಳ್ಳಿ ಎಂಬುದು ಅದರ ಧೋರಣೆ. ಓದುಗರು ಒಪ್ಪಲಿಲ್ಲ, ಪ್ರಶ್ನೆಗಳು ಬರುತ್ತಲೇ ಹೋದವು. 1979ರ ನವೆಂಬರಿನಲ್ಲಿ ‘ಡ್ರಾಗನ್’ ಮಾಸಪತ್ರಿಕೆ ‘ಸೇಜ್ ಅಡ್ವೈಸ್’ ಎಂಬ ಅಂಕಣವನ್ನೇ ತೆರೆಯಿತು. ಉತ್ತರ ಕೊಡಲು ಕೂತವರು ಜೀನ್ ವೆಲ್ಸ್ ಎಂಬ ಯುವತಿ. 1987ರಿಂದ ಸ್ಕಿಪ್ ವಿಲಿಯಮ್ಸ್ ಅದನ್ನು ದೀರ್ಘಕಾಲ ನಡೆಸಿದರು. ಇತ್ತೀಚಿನ ವರ್ಷಗಳಲ್ಲಿ ಅದೇ ಹೆಸರಿನಲ್ಲಿ ಜೆರೆಮಿ ಕ್ರಾಫರ್ಡ್ ಉತ್ತರಿಸುತ್ತಿದ್ದರು.

ನಮ್ಮಲ್ಲಿ ಆಟದ ನಿಯಮಗಳನ್ನು ಬರೆದಿಡುವ ಕೆಲಸ ಅರಮನೆಯಿಂದಲೇ ನಡೆದಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳ ವಿವರವಿದೆ. ಅವರು ರೂಪಿಸಿದ ಗಂಜೀಫಾ ಆಟಗಳಲ್ಲಿ ಚಾಮುಂಡೇಶ್ವರಿ ಛದ್ ಒಂದಕ್ಕೇ 320 ಎಲೆಗಳು. ಅಷ್ಟು ಎಲೆಯ ಆಟಕ್ಕೆ ಬರೆದ ನಿಯಮ ಬೇಕೇ ಬೇಕು.

ಚೌಕಾಬಾರಕ್ಕೆ ಮಾತ್ರ ಆ ಭಾಗ್ಯ ಬರಲಿಲ್ಲ. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಆಳಿಗೆ ನಾಲ್ಕು ಕಾಯಿ. ರಾಜಾಜಿನಗರ, ವಿಜಯನಗರದ ವಠಾರಗಳಿಗೆ ಬೇರೆ ಬೇರೆ ಜಿಲ್ಲೆಗಳಿಂದ ಬಂದ ಸಂಸಾರಗಳು ತಂತಮ್ಮ ಪದ್ಧತಿಯನ್ನೂ ಹೊತ್ತು ತಂದವು. ಒಬ್ಬರ ಮನೆಯಲ್ಲಿ ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಕ್ಕದ ಮನೆಯಲ್ಲಿ ಹೋಗಬಹುದು. ಗಟ್ಟಿ ಕಟ್ಟಿದ ಜೋಡಿಯನ್ನು ಒಂಟಿ ಕಾಯಿ ಹೊಡೆಯಬಹುದೇ? ಸಾಲಾಗಿ ಮೂರು ಸಲ ಬಾರ ಬಿದ್ದರೆ ಮೂರೂ ಲೆಕ್ಕಕ್ಕೋ, ಮೂರೂ ಸುಟ್ಟವೋ? ಹಣ್ಣಾಗಲು ಎರಡು ಬೇಕಿರುವಾಗ ಮೂರು ಬಿದ್ದರೆ? ಡ್ರಾಗನ್ ಪತ್ರಿಕೆಗೆ ಬರುತ್ತಿದ್ದುದೂ ಈ ಜಾತಿಯ ಪ್ರಶ್ನೆಗಳೇ. ಇಲ್ಲಿ ಉತ್ತರ ಕೊಡುತ್ತಿದ್ದವರು ಗೋಡೆಗೊರಗಿ ಕೂತ ಅಜ್ಜಿಯರು. ಅವರ ತೀರ್ಪನ್ನು ಯಾರೂ ಅಚ್ಚು ಹಾಕಿಸಲಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಇವತ್ತು ಫೋನಿನಲ್ಲಿ ಚೌಕಾಬಾರ ಆಡಿದರೆ ಆ್ಯಪ್ ಮಾಡಿದವರ ಮನೆಯ ಪದ್ಧತಿಯೇ ಎಲ್ಲರಿಗೂ ನಿಯಮ. ಗಟ್ಟಿಯ ಮೇಲೆ ವಾದ ಹೂಡಲು ಎದುರಿಗೆ ಯಾರೂ ಇರುವುದಿಲ್ಲ.

ಕೆಲವು ಡಿಎಂಗಳು ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳುತ್ತಾರೆ. ತಾವು ಕೊಟ್ಟ ತೀರ್ಪು, ಕೊಟ್ಟ ದಿನ, ಯಾವ ಸಂದರ್ಭ ಎಲ್ಲವನ್ನೂ ಅದರಲ್ಲಿ ಬರೆಯುತ್ತಾರೆ; ಮುಂದೆ ಅಂಥದ್ದೇ ಪ್ರಶ್ನೆ ಬಂದರೆ ಹಿಂದಿನದನ್ನು ತೆಗೆದು ಓದುತ್ತಾರೆ. ಅಂಥದ್ದೊಂದು ನೋಟ್‌ಪುಸ್ತಕ ಚೌಕಾಬಾರಕ್ಕೂ ಬೇಕು. ನಿಮ್ಮ ಮನೆಯಲ್ಲಿ ಗಟ್ಟಿಗೆ ಏನು ಪದ್ಧತಿ, ಮೂರನೇ ಬಾರಕ್ಕೆ ಏನು, ಅದು ಯಾವ ಊರಿನಿಂದ ಬಂತು, ಯಾರು ಹೇಳಿಕೊಟ್ಟರು ಎಂದು ಬರೆಯಲು ಒಂದು ಪುಟ ಸಾಕು. ಅಜ್ಜಿ ಇನ್ನೂ ಮಣೆಯ ಮುಂದೆ ಕೂರುವ ಮನೆಯಾದರೆ ಈ ಭಾನುವಾರವೇ ಕೇಳಿ ಬರೆದುಕೊಳ್ಳಿ.