ಹಂಚಿನ ಮೇಲೊಂದು ವಿಜ್ಞಾನ ಪಾಠ

ಮನೆಯಲ್ಲಿ ಕೇಕು, ಬ್ರೆಡ್ಡು ಮಾಡುತ್ತ ಮಕ್ಕಳು ವಿಜ್ಞಾನ ಕಲಿಯಬಹುದೆಂದು ನೀವು ಓದಿರಬಹುದು. ಓವನ್ ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಬೆಳಗಾವಿ ಜಿಲ್ಲೆಯ ಗೋಕಾಕ–ಮೂಡಲಗಿ ಭಾಗದ ತುಕ್ಕಾನಟ್ಟಿಯಲ್ಲಿ ಒಂದು ಕೃಷಿ ವಿಜ್ಞಾನ ಕೇಂದ್ರವಿದೆ. ಆ ಸೀಮೆಯ ಅಡುಗೆಮನೆಗಳೂ ಒಂದರ್ಥದಲ್ಲಿ ವಿಜ್ಞಾನ ಕೇಂದ್ರಗಳೇ. ಅಲ್ಲಿ ಜೋಳದ ರೊಟ್ಟಿ ಬಡಿಯುವುದನ್ನು ಗಮನವಿಟ್ಟು ನೋಡಿ. ಭೌತ, ರಸಾಯನ, ಗಣಿತ ಮೂರೂ ಅದರಲ್ಲಿವೆ.

ಎಸರು ಏಕೆ ಬೇಕು?

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಚಪಾತಿ ಲಟ್ಟಿಸಬಹುದು. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು. ಏಕೆಂದು ಅವ್ವನನ್ನು ಕೇಳಿದರೆ 'ಜಿಗಿ ಬರಲಿ ಅಂತ' ಎನ್ನುತ್ತಾಳೆ. ಈ ಜಿಗಿ ಎಂದರೇನು?

ಗೋಧಿಯಲ್ಲಿ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳಿವೆ. ನೀರು ಹಾಕಿ ನಾದಿದಾಗ ಇವು ಹೆಣೆದುಕೊಂಡು ಗ್ಲುಟೆನ್ ಎಂಬ ರಬ್ಬರಿನಂಥ ಬಲೆಯಾಗುತ್ತವೆ. ಜೋಳದ ಮುಖ್ಯ ಪ್ರೋಟೀನಾದ ಕಫಿರಿನ್ ನೀರಿನೊಡನೆ ಬೆರೆಯಲೊಲ್ಲದು. ಅದರಿಂದ ಬಲೆ ಹುಟ್ಟುವುದಿಲ್ಲ. ಆ ಕೊರತೆಯನ್ನು ಪಿಷ್ಟ ತುಂಬುತ್ತದೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಆ ಅಂಟೇ ಜಿಗಿ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಜೋಳದ ರೊಟ್ಟಿಯನ್ನು ತಿನ್ನಬಹುದು. ಹಿಟ್ಟಿಗೆ ಗೋಧಿ ಸೋಕಿರಬಾರದು ಅಷ್ಟೆ.

ಮಾಡಿ ನೋಡಿ

1. ತಲಾ 100 ಗ್ರಾಂ ಜೋಳದ ಹಿಟ್ಟಿನ ಮೂರು ಪಾಲು ಮಾಡಿ. ಒಂದಕ್ಕೆ ತಣ್ಣೀರು, ಒಂದಕ್ಕೆ ಉಗುರು ಬೆಚ್ಚಗಿನ ನೀರು, ಇನ್ನೊಂದಕ್ಕೆ ಕುದಿಯುವ ನೀರು ಹಾಕಿ. ನೀರಿನ ಅಳತೆ ಮೂರಕ್ಕೂ ಒಂದೇ ಇರಲಿ. ಕುದಿ ನೀರನ್ನು ಹಿರಿಯರೇ ಹಾಕಲಿ. ನಾದಿ, ತಟ್ಟಿ. ಯಾವುದರ ಅಂಚು ಹೆಚ್ಚು ಬಿರಿಯಿತು? ಒಂದನ್ನು ಮಾತ್ರ ಬದಲಿಸಿ ಉಳಿದುದನ್ನು ಹಾಗೇ ಇಡುವುದು ಪ್ರಯೋಗದ ಮೊದಲ ನಿಯಮ.

2. ಗೋಧಿ ಹಿಟ್ಟಿನ ಉಂಡೆಯನ್ನು ನೀರು ತುಂಬಿದ ಬಟ್ಟಲಿನಲ್ಲಿ ಹಿಚುಕುತ್ತ ತೊಳೆಯಿರಿ. ಕೊನೆಗೆ ಕೈಯಲ್ಲಿ ಉಳಿಯುವ ಎಳೆಎಳೆಯಾದ ಮುದ್ದೆಯೇ ಗ್ಲುಟೆನ್. ತಣ್ಣೀರಿನಲ್ಲಿ ಕಲಸಿದ ಜೋಳದ ಉಂಡೆಯನ್ನೂ ಹೀಗೆ ತೊಳೆಯಿರಿ. ಏನು ಉಳಿಯಿತು?

ರೊಟ್ಟಿ ಉಬ್ಬುವುದು ಹೇಗೆ?

ಬ್ರೆಡ್ಡನ್ನು ಉಬ್ಬಿಸುವುದು ಯೀಸ್ಟ್ ಬಿಡುವ ಇಂಗಾಲದ ಡೈಆಕ್ಸೈಡ್. ಕೇಕಿನಲ್ಲಿ ಅಡುಗೆ ಸೋಡಾದಿಂದ ಅದೇ ಅನಿಲ ಹೊರಡುತ್ತದೆ. ರೊಟ್ಟಿಗೆ ಇವೆರಡೂ ಬೇಡ, ಉಗಿ ಸಾಕು. ನೀರು 100 ಡಿಗ್ರಿಯಲ್ಲಿ ಉಗಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಹೆಚ್ಚಾಗುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆ ಆಡಿಸುವುದನ್ನು ನೋಡಿದ್ದೀರಲ್ಲ? ಇದರಿಂದ ಮೇಲ್ಪದರ ಬೇಗ ಒಣಗಿ ಬಿರಿಯುವುದಿಲ್ಲ. ಬಿರುಕಿಲ್ಲದ ಪದರ ಉಗಿಯನ್ನು ಹಿಡಿದಿಡುತ್ತದೆ. ಎಲ್ಲಾದರೂ ಒಂದು ತೂತಿದ್ದರೆ ಉಗಿ ಸೋರಿ ರೊಟ್ಟಿ ಉಬ್ಬದೇ ಉಳಿಯುತ್ತದೆ.

ರೊಟ್ಟಿಯ ಮೇಲಿನ ಕಂದು ಚುಕ್ಕೆಗಳಿಗೂ ಕಾರಣವಿದೆ. ಹೆಚ್ಚಿನ ಕಾವಿನಲ್ಲಿ ಸಕ್ಕರೆ ಅಂಶಗಳು ಅಮೈನೋ ಆಮ್ಲಗಳೊಡನೆ ವರ್ತಿಸಿ ಬಣ್ಣ, ಪರಿಮಳ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ.

ತೂಗಿ, ಲೆಕ್ಕ ಹಾಕಿ

ಒಂದು ಉಂಡೆಯನ್ನು ಬಡಿಯುವ ಮೊದಲು ಮತ್ತು ಬೇಯಿಸಿದ ನಂತರ ತೂಗಿ. ಉದಾಹರಣೆಗೆ, 120 ಗ್ರಾಂ ಇದ್ದದ್ದು 90 ಗ್ರಾಂ ಆದರೆ ಶೇಕಡಾ 25ರಷ್ಟು ತೂಕ ನೀರಾವಿಯಾಗಿ ಹೋಗಿದೆ. ಖಡಕ್ ರೊಟ್ಟಿಯನ್ನೂ ತೂಗಿ ನೋಡಿ. ಅದರಲ್ಲಿ ತೇವ ಬಹಳ ಕಡಿಮೆ. ಬೂಷ್ಟು ಬೆಳೆಯಲು ತೇವ ಬೇಕು. ಖಡಕ್ ರೊಟ್ಟಿ ಬಹುದಿನ ಕೆಡದಿರುವುದು ಇದರಿಂದಲೇ. ಮಳೆಗಾಲದಲ್ಲಿ ಅದು ಮೆತ್ತಗಾಗುವುದೇಕೆ? ಉತ್ತರವನ್ನು ನೀವೇ ಯೋಚಿಸಿ.

ಅಜ್ಜಿ, ಅವ್ವ ಹಿಟ್ಟನ್ನು ತೂಗುವುದಿಲ್ಲ. ಅವರ ಬೊಗಸೆಯೇ ಅಳತೆ. ಆ ಬೊಗಸೆ ಎಷ್ಟು ಗ್ರಾಂ, ಎಸರು ಎಷ್ಟು ಮಿಲಿಲೀಟರ್ ಎಂದು ಅಳೆದು ಬರೆದಿಡಿ. ಅಂಗಡಿಯಿಂದ ರೊಟ್ಟಿ ತರುವ ಮನೆಗಳಲ್ಲಿ ಈ ಕೈಯಳತೆ ಮುಂದಿನ ತಲೆಮಾರಿಗೆ ಸಿಗುವುದು ಕಷ್ಟ. ಈ ಕೆಲಸ ಹುಡುಗಿಯರದಷ್ಟೇ ಎಂದು ಹುಡುಗರು ದೂರ ಕೂರಬೇಡಿ. ಹಂಚಿನ ಹತ್ತಿರ ಹಿರಿಯರು ಇರಲಿ, ಕೈಯಲ್ಲಿ ನೋಟುಪುಸ್ತಕ ಇರಲಿ. ರೊಟ್ಟಿ ಹರಿದರೆ ಏಕೆ ಹರಿಯಿತೆಂದು ಬರೆಯಿರಿ, ನಾಳೆ ಮತ್ತೆ ಬಡಿಯಿರಿ.